ಸೊನ್ನೆಯಿಂದ ಕೆಳಕ್ಕೆ

ನನ್ನ ಕೀಬೋರ್ಡಿನ ಎಡಮೂಲೆಯಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ಪರದೆ ಇದೆ. ಅದರಲ್ಲಿ ಯಾವಾಗಲೂ ಒಂದು ಅಂಕೆ ಉರಿಯುತ್ತಿರುತ್ತದೆ. ಸೊನ್ನೆ ಇದ್ದರೆ ಹಾಡು ಅದರ ಜಾಗದಲ್ಲಿದೆ ಎಂದರ್ಥ. ಪಕ್ಕದ ಗುಂಡಿಯನ್ನು ಒಂದು ಸಲ ಒತ್ತಿದರೆ ಮೈನಸ್ ಒಂದು ಬರುತ್ತದೆ. ಆಮೇಲೆ ನಾನು ಅದೇ ಕೀಗಳನ್ನು ಒತ್ತಿದರೂ ಹಾಡು ಅರ್ಧ ಸ್ವರ ಕೆಳಗೆ ಕೇಳಿಸುತ್ತದೆ. ಹಾಡುವವನಿಗೆ ಮೇಲಿನ ಸ್ವರ ಸಿಗದಿದ್ದಾಗ ಹೀಗೆ ಮಾಡುತ್ತಾರೆ. ಎರಡು ಸೆಕೆಂಡಿನ ಕೆಲಸ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಹತ್ತು ತಿಂಗಳು ನಾನು ಆ ಗುಂಡಿ ಒತ್ತಿದೆ. ಮೈನಸ್ ಒಂದರಿಂದ ಮೈನಸ್ ಐದರವರೆಗೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಊರು ಕುಂದಾಪುರದ ಹತ್ತಿರ. ನನಗೆ ಹತ್ತು ವರ್ಷ ಆಗಿದ್ದಾಗ ಅಪ್ಪ ನಮ್ಮನ್ನು ದಿಲ್ಲಿಗೆ ಕರೆತಂದರು. ಸರೋಜಿನಿ ನಗರದ ಬಟ್ಟೆ ಮಾರ್ಕೆಟ್‌ನ ಹಿಂದಿನ ಗಲ್ಲಿಯಲ್ಲಿ ನಮ್ಮ ಮಾವನ ಹೋಟೆಲು. ಅಪ್ಪ ಅಲ್ಲಿ ಅಡುಗೆಯವರು. ನಾನು ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲಾದೆ. ಮೂರನೇ ಸಲ ಕೂರಲಿಲ್ಲ. ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನದವರೆಗೆ ದೋಸೆ ಕಾವಲಿಯ ಮುಂದೆ ನಿಲ್ಲುತ್ತೇನೆ. ಈಗಲೂ ನಿಲ್ಲುತ್ತೇನೆ. ಬ್ಯಾಂಡಿನಲ್ಲಿ ಬಾರಿಸುತ್ತೇನೆ ಎಂದರೆ ಜನ ಉದ್ದ ಕೂದಲು, ಕಪ್ಪು ಕನ್ನಡಕ ಎಂದುಕೊಳ್ಳುತ್ತಾರೆ. ನನ್ನ ತಲೆ ಹತ್ತಿರ ಬಂದರೆ ಒಗ್ಗರಣೆ ವಾಸನೆ ಬರುತ್ತದೆ.

ಶನಿವಾರ ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ ಹೋಟೆಲಿನ ಶಟರ್ ಅರ್ಧ ಇಳಿಸಿ, ಮೇಜುಗಳನ್ನು ಗೋಡೆಗೆ ಸರಿಸಿ ಭಜನೆ ಮಾಡುತ್ತಾರೆ. ಸುತ್ತಮುತ್ತಲಿನ ನಮ್ಮ ಕಡೆಯ ಹತ್ತು ಹದಿನೈದು ಮಂದಿ ಬರುತ್ತಾರೆ. ಅಪ್ಪನದು ಹಾರ್ಮೋನಿಯಂ. ನಮ್ಮಲ್ಲಿ ಅದಕ್ಕೆ ಪೆಟ್ಟಿಗೆ ಎನ್ನುತ್ತೇವೆ. ನಾನು ಕಲಿತದ್ದು ಅದರಲ್ಲೇ. ಅಪ್ಪನಿಗೂ ಯಾರೂ ಹೇಳಿಕೊಟ್ಟದ್ದಲ್ಲ. ಬಿಳಿ ಒಂದು, ಕಪ್ಪು ಒಂದು ಎಂದು ಕೀಗಳ ಲೆಕ್ಕ ಅಷ್ಟೇ.

ಭಜನೆಗೆ ಒಬ್ಬರು ವಯಸ್ಸಾದ ಅಮ್ಮ ಬರುತ್ತಿದ್ದರು. ಒಳ್ಳೆಯ ದನಿ. ಒಂದು ವರ್ಷ ಅವರ ದನಿ ಮೇಲಕ್ಕೆ ಹತ್ತುವುದು ನಿಂತಿತು. ಅಪ್ಪ ಏನೂ ಹೇಳದೆ ಕಪ್ಪು ಒಂದರಿಂದ ಅರ್ಧ ಸ್ವರ ಕೆಳಗೆ, ಬಿಳಿ ಒಂದಕ್ಕೆ ಇಳಿದರು. ಆ ಅಮ್ಮನಿಗೆ ಗೊತ್ತೇ ಆಗಲಿಲ್ಲ. ಮುಗಿದ ಮೇಲೆ, “ಇವತ್ತು ಸ್ವರ ಚೆನ್ನಾಗಿ ಕೂತಿತು ಮಾರಾಯ್ರೆ,” ಎಂದರು. ಅಪ್ಪ, “ಹೌದು ಹೌದು,” ಎಂದರು.

ಅವರು ಹೋದ ಮೇಲೆ ನಾನು ಕೇಳಿದೆ, “ಹೇಳ್ಬೇಕಿತ್ತಲ್ದಾ?”

“ಎಂತಕ್ಕೆ? ಪೆಟ್ಟಿಗೆಯವ ಹಾಡುವವ್ರಿಗೆ ದಾರಿ ತೋರ್ಸುದಲ್ಲ. ಅವ್ರು ಬಿದ್ದಲ್ಲಿ ಹಾಸಿಗೆ ಹಾಸುದು. ಯಾಕೆ ಬಿದ್ರಿ ಅಂತ ಕೇಳ್ಬಾರ್ದು.”

ನಾನು ಶಾಲೆಯಲ್ಲಿ ಕಲಿತದ್ದು ಒಂದೂ ನೆನಪಿಲ್ಲ. ಇದು ನೆನಪಿತ್ತು.

ನಮ್ಮ ಹಾಡುಗಾರ ಸಿಕ್ಕಿದ್ದೂ ಭಜನೆಯಲ್ಲೇ. ಮಂಗಳೂರಿನವನು. ಚಿಕ್ಕಂದಿನಲ್ಲಿ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಹಾಡಿದವನು. ನೋಯ್ಡಾದಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ದ್ವಾರಕಾದಲ್ಲಿ ಅಕ್ಕನ ಜೊತೆ ಮನೆ. ಅಕ್ಕ ಶಾಲೆಯ ಟೀಚರು. ಒಂದು ಶನಿವಾರ ಅಂಗಿ ಕೊಳ್ಳಲು ಮಾರ್ಕೆಟ್‌ಗೆ ಬಂದವನು ಅರ್ಧ ಇಳಿದ ಶಟರ್ ಕೆಳಗೆ ಬಗ್ಗಿ ಒಳಗೆ ಇಣುಕಿದ.

“ಟೀ ಉಂಟಾ?”

“ಐದು ಗಂಟೆಗೆ. ಈಗ ಭಜನೆ,” ಎಂದೆ.

“ಅಡ್ಡಿಲ್ಲ. ಕೂರ್ತೇನೆ.”

ಕೂತ. ಮೂರನೇ ಹಾಡಿಗೆ ತಾನೂ ದನಿ ಸೇರಿಸಿದ. ಅವತ್ತು ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಅವನ ದನಿ ಹೋದಲ್ಲಿಗೆ ಹೋಗುವುದೇ ನನಗೆ ಕಷ್ಟವಾಯಿತು. ಅಷ್ಟು ಮೇಲೆ ಹೋಗುತ್ತಿತ್ತು.

ಆಮೇಲೆ ಟೀ ಕುಡಿಯುತ್ತ ಕೇಳಿದ, “ಕೀಬೋರ್ಡ್ ಬರ್ತದಾ ನಿಂಗೆ?”

“ಪೆಟ್ಟಿಗೆ ಬರ್ತದೆ.”

“ಎರಡೂ ಒಂದೇ ಮಾರಾಯ. ಇದಕ್ಕೆ ಗಾಳಿ ಹಾಕ್ಬೇಕು, ಅದಕ್ಕೆ ಕರೆಂಟು.”

ಹೀಗೆ ಅವನ ಬ್ಯಾಂಡಿಗೆ ಸೇರಿದೆ. ಪ್ರಾಕ್ಟೀಸು ನೋಯ್ಡಾದಲ್ಲಿ, ಒಂದು ಫ್ಯಾಕ್ಟರಿಯ ಪಕ್ಕದ ಕಟ್ಟಡದ ನೆಲಮಾಳಿಗೆಯಲ್ಲಿ. ಭಾನುವಾರ ಮಧ್ಯಾಹ್ನ. ಸೆಕೆಂಡ್ ಹ್ಯಾಂಡ್ ಕೀಬೋರ್ಡನ್ನು ಬೆನ್ನಿಗೆ ಹಾಕಿಕೊಂಡು ಮೆಟ್ರೋದಲ್ಲಿ ಹೋಗುತ್ತಿದ್ದೆ. ಪ್ರತಿ ಸಲ ಸ್ಕ್ಯಾನರ್ ಹತ್ತಿರ ಕಾವಲಿನವನು ಇದೇನು ಎಂದು ತಡೆಯುತ್ತಿದ್ದ, “ಭಯ್ಯಾ, ಯೇ ಕ್ಯಾ ಹೈ?” ಪ್ರತಿ ಸಲ ನಾನು, ವಾದ್ಯ ಎಂದು, “ಬಾಜಾ ಹೈ.”

ಗಿಟಾರ್ ಬಾರಿಸುವವನು ದ್ವಾರಕಾದಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ. ಅರ್ಧ ಮಾತು ಹಿಂದಿ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರ್, ಇವ್ನು ಭಜನ್ ವಾಲಾ ಹೈ ಕ್ಯಾ? ನಮ್ದು ರಾಕ್ ಬ್ಯಾಂಡ್ ಗುರು,” ಎಂದ.

ಹಾಡುಗಾರ ಹೇಳಿದ, “ನೀನು ಬಾರಿಸಿದ್ರೆ ದೇವ್ರು ಓಡಿ ಹೋಗ್ತಾನೆ. ಇವ ಬಾರಿಸಿದ್ರೆ ಬಂದು ಕೂರ್ತಾನೆ. ನಮ್ಗೆ ಯಾರಾದ್ರೂ ಒಬ್ರು ಕೂತು ಕೇಳುವವ್ರು ಬೇಡ್ವಾ?”

ಡ್ರಮ್ಮರ್ ಪಂಜಾಬಿ. ಅವನಿಗೆ ಏನೂ ಅರ್ಥವಾಗದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕ.

ಒಂದು ಸತ್ಯ ಹೇಳಿಬಿಡುತ್ತೇನೆ. ನನಗೆ ಒಂದೇ ಜಾಗದಿಂದ ಬಾರಿಸಲು ಬರುತ್ತದೆ. ಬಿಳಿ ಒಂದರಿಂದ. ಬೇರೆ ಶ್ರುತಿ ಬೇಕಾದರೆ ಗುಂಡಿ ಒತ್ತುತ್ತೇನೆ. ಕಲಿತವರು ಇದನ್ನು ನೋಡಿದರೆ ನಗುತ್ತಾರೆ. ಹಾಗಾಗಿ ನಾನು ಪರದೆಯ ಪಕ್ಕ ನೀರಿನ ಬಾಟಲಿ ಇಟ್ಟು ಮರೆ ಮಾಡುತ್ತಿದ್ದೆ. ಬ್ಯಾಂಡಿನಲ್ಲಿ ಆ ಅಂಕೆ ನೋಡುತ್ತಿದ್ದವನು ನಾನೊಬ್ಬನೇ.

ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಕಾಲೇಜು, ಮಾಲು, ಕಂಪನಿಗಳ ಫ್ಯಾಮಿಲಿ ಡೇ, ಅಪಾರ್ಟ್‌ಮೆಂಟ್ ಸೊಸೈಟಿಗಳ ಮೇಳ. ನಮ್ಮದೇ ಹಿಂದಿ ಹಾಡುಗಳು, ಎರಡು ಕನ್ನಡದವು. ಕೊನೆಯ ಹಾಡಿನ ಕೊನೆಯ ಸಾಲಿನಲ್ಲಿ ಅವನು ಒಂದು ಸ್ವರಕ್ಕೆ ಏರಿ ಅಲ್ಲೇ ನಿಲ್ಲುತ್ತಿದ್ದ. ನಾವು ಮೂವರೂ ಬಾರಿಸುವುದು ನಿಲ್ಲಿಸುತ್ತಿದ್ದೆವು. ಸಮೋಸಾ ತಿನ್ನುತ್ತಿದ್ದವರೂ ಬಾಯಿ ನಿಲ್ಲಿಸಿ ನೋಡುತ್ತಿದ್ದರು.

ನಂತರ ಆ ನವೆಂಬರ್ ಬಂತು.

ನವೆಂಬರ್‌ನಲ್ಲಿ ಇಲ್ಲಿ ಯಾರ ಗಂಟಲೂ ಸರಿ ಇರುವುದಿಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನವೇ ಗಾಡಿಗಳ ದೀಪ ಉರಿಯುತ್ತದೆ. ಹೋಟೆಲಿಗೆ ಬಂದವರೆಲ್ಲ ಮೊದಲು ಕೆಮ್ಮಿ ಆಮೇಲೆ ಆರ್ಡರ್ ಹೇಳುತ್ತಾರೆ. ಹಾಗಾಗಿ ಒಂದು ಕಾಲೇಜಿನ ವೇದಿಕೆಯಲ್ಲಿ ಅವನು ಬೆನ್ನ ಹಿಂದೆ ಕೈ ತಂದು ತೋರುಬೆರಳನ್ನು ನೆಲದ ಕಡೆ ತೋರಿಸಿದಾಗ ನನಗೆ ಏನೂ ಅನಿಸಲಿಲ್ಲ. ಒಂದು ಇಳಿಸು ಎಂದು ಅರ್ಥ. ಇಳಿಸಿದೆ.

“ಹೊಗೆ ಮಾರಾಯ,” ಎಂದ ಆಮೇಲೆ. “ಒಂದು ವಾರದಲ್ಲಿ ಸರಿ ಆಗ್ತದೆ.”

ಗಿಟಾರಿನವನು ತಂತಿ ಸಡಿಲ ಮಾಡಿಕೊಂಡ. ಅವನಿಗೆ ಖುಷಿಯೇ. “ಕೆಳಗೆ ಹೆವಿ ಸೌಂಡ್ ಬರತ್ತೆ ಗುರು. ಮಸ್ತ್.”

ಡಿಸೆಂಬರ್‌ನಲ್ಲಿ ಚಳಿ ಎಂದ. ಮೈನಸ್ ಎರಡು. ಫೆಬ್ರವರಿಯಲ್ಲಿ ಆಫೀಸಿನ ಹೀಟರ್ ಎಂದ. ಮೈನಸ್ ಮೂರು. ಪ್ರತಿ ಸಲ ಬೆನ್ನ ಹಿಂದೆ ಆ ಬೆರಳು. ಪ್ರತಿ ಸಲ ನಾನು ಕೇಳದೆ ಒತ್ತಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮಾರ್ಚ್‌ನಲ್ಲಿ ಗಾಳಿ ಸರಿಯಾಯಿತು. ಆಕಾಶ ನೀಲಿಯಾಯಿತು. ಎಲ್ಲರ ಕೆಮ್ಮೂ ಹೋಯಿತು. ಅವನ ದನಿ ಮಾತ್ರ ಮೇಲೆ ಬರಲಿಲ್ಲ. ಪ್ರಾಕ್ಟೀಸಿನಲ್ಲಿ ನಾನು ಸುಮ್ಮನೆ ಅಂಕೆಯನ್ನು ಮೈನಸ್ ಎರಡಕ್ಕೆ ಏರಿಸಿ ನೋಡಿದೆ. ಎರಡನೇ ಸಾಲಿಗೇ ಅವನ ದನಿ ಹರಿದ ಬಟ್ಟೆಯ ಹಾಗೆ ಸೀಳಿತು. ತಿರುಗಿ ನನ್ನನ್ನು ನೋಡಿದ. ನಾನು ಕೂಡಲೇ ಕೆಳಗಿಳಿಸಿದೆ. ಅವತ್ತು ನನಗೆ ಗೊತ್ತಾಯಿತು. ಹೊಗೆಯಲ್ಲ, ಚಳಿಯಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.

ಬಿಡಲಿಲ್ಲ ಅಷ್ಟೇ ಅಲ್ಲ. ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಅದು ನನ್ನ ತಲೆಯಿಂದಲೇ ಬಂದದ್ದು, ಬೇರೆ ಯಾರೂ ಹೇಳಿದ್ದಲ್ಲ.

ನಮ್ಮ ಹಳೆಯ ಕಾರ್ಯಕ್ರಮಗಳ ರೆಕಾರ್ಡಿಂಗ್ ನನ್ನ ಹತ್ತಿರ ಇತ್ತು. ಅದರಲ್ಲಿ ಅವನ ದನಿ ಮಾತ್ರ ಇರುವ ಬೇರೆ ಫೈಲುಗಳೂ ಇದ್ದವು. ಅವುಗಳಿಂದ ಕಷ್ಟದ ಏಳು ಸಾಲುಗಳನ್ನು ಕತ್ತರಿಸಿ, ಶ್ರುತಿ ಇಳಿಸಿ, ಕೀಬೋರ್ಡಿನ ತೀರಾ ಎಡಗಡೆಯ ಏಳು ಕೀಗಳಿಗೆ ಹಾಕಿದೆ. ಆ ಕೀಗಳನ್ನು ನಾನು ಹೇಗೂ ಬಾರಿಸುವುದಿಲ್ಲ. ಈಗ ಕಿರುಬೆರಳಿನಿಂದ ಒತ್ತಿದರೆ ಅಲ್ಲಿಂದ ಅವನು ಹಾಡುತ್ತಿದ್ದ. ಇಳಿಸಿದ ದನಿ ಅವನದೇ. ಆದರೆ ನಿದ್ದೆಯಲ್ಲಿ ಮಾತಾಡುವವನ ಹಾಗೆ ಕೇಳಿಸುತ್ತಿತ್ತು. ಗಲಾಟೆಯ ಮಧ್ಯೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಅವನಿಗೆ ಹೆಡ್‌ಫೋನಿನಲ್ಲಿ ಕೇಳಿಸಿದೆ. ಏಳೂ ಕೇಳಿದ. ಆಮೇಲೆ ನನ್ನ ಹೆಗಲು ತಟ್ಟಿ, “ನೀನೊಬ್ಬ ಇದ್ರೆ ಸಾಕು ತಮ್ಮ,” ಎಂದ. ನನಗೆ ಅವತ್ತು ಊಟ ಸೇರಲಿಲ್ಲ, ಖುಷಿಗೆ.

ಗಿಟಾರಿನವನಿಗೂ ಡ್ರಮ್ಮರಿಗೂ, ಅದು ಕೋರಸ್ಸಿಗೆ ಹಾಕಿದ ಎಫೆಕ್ಟ್ ಎಂದು ಹೇಳಿದೆವು. ಮೊದಲು ಒಂದು ಸಾಲಿಗೆ ಒತ್ತುತ್ತಿದ್ದೆ. ಏಪ್ರಿಲ್ ಮುಗಿಯುವಾಗ ನಾಲ್ಕಕ್ಕೆ ಬಂದಿತ್ತು. ಅವನು ಮೈಕಿನ ಮುಂದೆ ಬಾಯಿ ಆಡಿಸುತ್ತಿದ್ದ. ಹಾಡುತ್ತಿದ್ದದ್ದು ನನ್ನ ಕಿರುಬೆರಳು.

ಈ ನಡುವೆ ಒಂದು ವಿಷಯ ಅಪ್ಪನ ಕಣ್ಣಿಗೆ ಬಿತ್ತು. ಅಡುಗೆಯವರು ಮುಖ ನೋಡುವುದಿಲ್ಲ, ವಾಪಸ್ ಬಂದ ಪ್ಲೇಟ್ ನೋಡುತ್ತಾರೆ. ಹಾಡುಗಾರ ಪ್ರತಿ ಶನಿವಾರ ಗರಿ ಗರಿ ಮಸಾಲೆ ದೋಸೆ ತಿನ್ನುತ್ತಿದ್ದವನು.

“ನಿನ್ನ ಹಾಡುವವ ದೋಸೆ ಬಿಟ್ನಲ್ಲ,” ಎಂದರು ಅಪ್ಪ. “ಈಗ ಇಡ್ಲಿ. ಅದೂ ಸಾಂಬಾರಿನಲ್ಲಿ ಮುಳುಗ್ಸಿ ಹಿಸುಕಿ ತಿಂತಾನೆ. ಹಲ್ಲು ನೋವಾ?”

“ಗೊತ್ತಿಲ್ಲ.”

ನಾನು ನೋಡಲು ಶುರು ಮಾಡಿದೆ. ನುಂಗುವಾಗ ಕತ್ತನ್ನು ಒಂದು ಕಡೆಗೆ ಓರೆ ಮಾಡುತ್ತಿದ್ದ. ನೀರಿಗೂ ಹಾಗೇ. ಆಗಾಗ ಬಲಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದ. ಕೇಳಿದರೆ ಸ್ಪೀಕರ್ ಜೋರು ಎನ್ನುತ್ತಿದ್ದ. ಬೆಲ್ಟಿನ ತುದಿ ಉದ್ದವಾಗುತ್ತ ಹೋಗಿ ಪ್ಯಾಂಟಿನ ಮೇಲೆ ನೇತಾಡುತ್ತಿತ್ತು. ಸಿಗರೇಟು ಮಾತ್ರ ಬಿಟ್ಟಿರಲಿಲ್ಲ.

ಮೇ ತಿಂಗಳಲ್ಲಿ ಅವನ ಅಕ್ಕ ಹೋಟೆಲಿಗೆ ಬಂದರು. ಒಬ್ಬರೇ. ಹನ್ನೊಂದು ಗಂಟೆ, ಹೊರಗೆ ಬೆಂಕಿ ಬಿಸಿಲು. ನಾನು ಕಾವಲಿಯ ಮುಂದಿದ್ದೆ. ಅವರು ಏನೂ ಆರ್ಡರ್ ಮಾಡದೆ ಅಡುಗೆಮನೆಯ ಬಾಗಿಲಿಗೇ ಬಂದರು.

“ಎರಡು ನಿಮಿಷ ಬಾ.”

ಕೈ ಒರೆಸಿಕೊಂಡು ಹೋದೆ.

“ಅವನ ದನಿ ಸರಿ ಉಂಟಾ?”

“ಯಾಕಕ್ಕ?”

“ಮನೇಲಿ ಮಾತೇ ಆಡುದಿಲ್ಲ. ಕೇಳಿದ್ರೆ ಸ್ಟೇಜಿಗೆ ಉಳಿಸಿಡ್ತೇನೆ ಅಂತಾನೆ. ಗಂಟಲಿನ ಡಾಕ್ಟ್ರ ಹತ್ರ ನಾಡಿದ್ದಿಗೆ ಹೆಸ್ರು ಬರೆಸಿದ್ದೇನೆ. ಬರುದಿಲ್ಲ ಅಂತ ಹಠ. ಹೋದ ವಾರ ಮಾಲಲ್ಲಿ ಹಾಡಿದ ವೀಡಿಯೋ ತೋರಿಸ್ತಾನೆ, ನೋಡು, ಇಷ್ಟು ಚೆಂದ ಹಾಡಿದ್ದೇನೆ, ನಂಗೆ ಎಂತ ಆಗಿದೆ ಅಂತ. ವೀಡಿಯೋದಲ್ಲಿ ಚೆಂದವೇ ಉಂಟು. ನಂಗೆ ತಲೆ ಕೆಟ್ಟು ಹೋಯ್ತು. ನೀನು ಪಕ್ಕದಲ್ಲೇ ಇರುವವ. ನೀನು ಹೇಳು. ಸರಿ ಇಲ್ಲ ಅಂತ ನೀನು ಒಂದು ಮಾತು ಹೇಳಿದ್ರೆ ನಾನು ಅವನ ಕಾಲರ್ ಹಿಡಿದು ಎಳ್ಕೊಂಡು ಹೋಗ್ತೇನೆ.”

ಒಂದು ಮಾತು. ಅಷ್ಟೇ ಕೇಳಿದ್ದು.

ನನಗೆ ಆ ವಯಸ್ಸಾದ ಅಮ್ಮ ನೆನಪಾದರು. ಅಪ್ಪ ಹೌದು ಹೌದು ಎಂದದ್ದು ನೆನಪಾಯಿತು. ಹಾಡುವವನ ಮಾನ ಪೆಟ್ಟಿಗೆಯವನ ಕೈಯಲ್ಲಿ. ಇನ್ನೊಂದೂ ಇತ್ತು, ಅದನ್ನೂ ಹೇಳಬೇಕು. ಅವನು ನಿಂತರೆ ಬ್ಯಾಂಡ್ ನಿಲ್ಲುತ್ತದೆ. ಬ್ಯಾಂಡ್ ನಿಂತರೆ ನಾನು ಬರೀ ದೋಸೆ ಹುಯ್ಯುವವನು.

“ಸರಿ ಉಂಟಕ್ಕ,” ಎಂದೆ. “ಎ.ಸಿ.ಯಿಂದ ಸ್ವಲ್ಪ ಆಚೀಚೆ. ಹಾಡುವಾಗ ಏನಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಉಸಿರು ಬಿಟ್ಟರು. “ನೀನು ಹೇಳಿದ್ರೆ ಸರಿ. ನಾನೇ ಸುಮ್ನೆ ಹೆದ್ರಿದ್ದು.” ಹೋಗುವಾಗ ಎರಡು ಮಸಾಲೆ ದೋಸೆ ಪಾರ್ಸೆಲ್ ತೆಗೆದುಕೊಂಡರು. “ಅವನಿಗೆ ಇಷ್ಟ ಅಲ್ವಾ,” ಎಂದರು.

ಆ ದೋಸೆ ನಾನೇ ಹುಯ್ದೆ. ಅವನು ಅದನ್ನು ನುಂಗಲಾರ ಎಂದು ಗೊತ್ತಿದ್ದೇ ಹುಯ್ದೆ.

ಡಾಕ್ಟರ ಹತ್ತಿರ ಬರೆಸಿದ್ದ ಹೆಸರನ್ನು ಅವರು ತೆಗೆಸಿದರು. ಆ ವಾರ ಹಾಡುಗಾರ ನನಗೆ, “ಅಕ್ಕ ಬಂದಿದ್ಳಂತೆ? ಥ್ಯಾಂಕ್ಸ್ ಮಾರಾಯ,” ಎಂದು ಕಣ್ಣು ಹೊಡೆದ. ಅವನ ಮಾತು ಆಗಲೇ ಪಿಸುಮಾತಿನ ಹಾಗಿತ್ತು.

ಜುಲೈಯಲ್ಲಿ ಮೈನಸ್ ನಾಲ್ಕು. ಗಿಟಾರಿನವನು ಗೊಣಗಿದ, “ಬಸ್ ಕರ್ ಯಾರ್. ಇನ್ನೂ ಇಳಿಸಿದ್ರೆ ನನ್ ತಂತಿ ಮೇಲೆ ಬಟ್ಟೆ ಒಣಗ್ಸಬಹುದು.” ಅವನೂ ಈಗ ನಗುತ್ತಿರಲಿಲ್ಲ. ಆದರೆ ಕೇಳಲಿಲ್ಲ. ಡ್ರಮ್ಮರ್ ಒಂದು ದಿನ ಬಿಸಿನೀರು, ಜೇನು ತಂದುಕೊಟ್ಟ. ಎಲ್ಲರಿಗೂ ಅರ್ಧ ಅರ್ಧ ಗೊತ್ತಿತ್ತು. ಪೂರ್ತಿ ಗೊತ್ತಿದ್ದವನು ನಾನು.

ಆಗಸ್ಟ್‌ನಲ್ಲಿ ಒಂದು ಶನಿವಾರ ಭಜನೆ ಮುಗಿಸಿ ಅಪ್ಪ ಪೆಟ್ಟಿಗೆಯ ಮೇಲೆ ಬಟ್ಟೆ ಹೊದೆಸುತ್ತಿದ್ದರು. ನಾನು ಮೇಜುಗಳನ್ನು ಎಳೆದು ಸಾಲಿಗೆ ಇಡುತ್ತಿದ್ದೆ.

“ಅವನಿಗೆ ಎಷ್ಟು ಇಳ್ಸಿದಿ?” ಎಂದು ಕೇಳಿದರು.

ನಾನು ಅವರಿಗೆ ಏನೂ ಹೇಳಿರಲಿಲ್ಲ. “ನಾಲ್ಕು.”

“ಎಷ್ಟು ತಿಂಗಳಲ್ಲಿ?”

“ಒಂಬತ್ತು.”

ಅಪ್ಪ ಬಟ್ಟೆ ಬಿಟ್ಟು ತಿರುಗಿದರು. “ಹೇಳ್ಲಿಲ್ವಾ ಅವನ ಮನೆಯವ್ರಿಗೆ?”

“ನೀವೇ ಹೇಳಿದ್ದಲ್ವಾ. ಯಾಕೆ ಬಿದ್ರಿ ಅಂತ ಕೇಳ್ಬಾರ್ದು ಅಂತ.”

“ಹೋ ಮಂಗ! ಆ ಅಮ್ಮನಿಗೆ ಎಪ್ಪತ್ತೆಂಟು. ನಾನು ಇಳ್ಸಿದ್ದು ಒಂದು, ಅದೂ ಒಂದು ವರ್ಷಕ್ಕೆ. ಇವನಿಗೆ ಎಷ್ಟು ವಯಸ್ಸು?”

“ಮೂವತ್ತೈದು.”

ಅಪ್ಪ ಬಟ್ಟೆಯನ್ನು ಎರಡು ಸಲ ಬಿಚ್ಚಿ ಎರಡು ಸಲ ಹೊದೆಸಿದರು. ನನ್ನ ಕೈ ಮೇಜಿನ ಅಂಚಿನಲ್ಲೇ ಉಳಿಯಿತು.

ಆಮೇಲೂ ನಾನು ಕೂಡಲೇ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಒಂದು ತಿಂಗಳು ತೆಗೆದುಕೊಂಡೆ. ಅವನ ಅಕ್ಕನ ನಂಬರ್ ಫೋನಿನಲ್ಲಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಮೇ ತಿಂಗಳಲ್ಲಿ ಸುಳ್ಳು ಹೇಳಿದ್ದೆ ಎಂದು ಮೊದಲು ಹೇಳಬೇಕಿತ್ತು. ಅದು ಬಾಯಿಗೆ ಬರುತ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ನೋಯ್ಡಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಮೇಳ. ಭಾನುವಾರ ಸಂಜೆ ನಾಲ್ಕು ಗಂಟೆ. ಪಾರ್ಕಿನಲ್ಲಿ ಶಾಮಿಯಾನ, ಚಾಟ್ ಅಂಗಡಿಗಳು, ಮಕ್ಕಳಿಗೆ ಗಾಳಿ ತುಂಬಿದ ಜಾರುಬಂಡೆ. ಎರಡನೇ ಸಾಲಿನಲ್ಲಿ ಅವನ ಅಕ್ಕ ಕೂತಿದ್ದರು. ವೀಡಿಯೋದಲ್ಲಿ ನೋಡಿ ನೋಡಿ ಸಾಕಾಯಿತು, ಎದುರಲ್ಲೇ ಕೇಳುತ್ತೇನೆ ಎಂದು ಬಂದಿದ್ದರಂತೆ. ನನ್ನನ್ನು ನೋಡಿ ಕೈ ಬೀಸಿದರು. ನಾನೂ ಬೀಸಿದೆ.

ಮೈನಸ್ ಐದು. ಆರು ಹಾಡು ಮುಗಿಯಿತು. ಏಳರಲ್ಲಿ ಆರು ಕೀಗಳನ್ನು ಬಳಸಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು. ಅವರ ಮುಖದಲ್ಲಿ ಎಷ್ಟು ಸಮಾಧಾನ ಇತ್ತು ಎಂದರೆ ನನಗೆ ನೋಡಲು ಆಗಲಿಲ್ಲ.

ಕೊನೆಯ ಹಾಡು. ಕೊನೆಯ ಸಾಲು ಬರುವ ಮುಂಚೆ ಬೆನ್ನ ಹಿಂದೆ ಅವನ ಕೈ ಬಂತು. ಬೆರಳು ನೆಲದ ಕಡೆ. ಇನ್ನೊಂದು ಇಳಿಸು. ಹಾಡಿನ ಮಧ್ಯದಲ್ಲಿ ಇಳಿಸಲು ಆಗುವುದಿಲ್ಲ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬೆರಳು ಅಲ್ಲೇ ಇತ್ತು. ಅಂಗಿ ಬೆನ್ನಿಗೆ ಅಂಟಿಕೊಂಡು ಮೂಳೆಗಳು ಕಾಣುತ್ತಿದ್ದವು.

ಎಲ್ಲರೂ ಬಾರಿಸುವುದು ನಿಲ್ಲಿಸಿದರು. ಅವನು ಬಾಯಿ ತೆರೆದ. ನನ್ನ ಕಿರುಬೆರಳು ಎಡತುದಿಯ ಕೀಯ ಮೇಲಿತ್ತು. ಒತ್ತಿದರೆ ಎಲ್ಲ ಸರಿಯಾಗುತ್ತಿತ್ತು. ಅಕ್ಕ ಖುಷಿಯಿಂದ ಮನೆಗೆ ಹೋಗುತ್ತಿದ್ದರು.

ಕೈ ಎತ್ತಿದೆ.

ಮೈಕಿನಿಂದ ಗಾಳಿ ಮಾತ್ರ ಬಂತು. ಸೈಕಲ್ ಟ್ಯೂಬಿನಿಂದ ಬರುವ ಹಾಗೆ. ಅವನು ಇನ್ನೊಮ್ಮೆ ಪ್ರಯತ್ನಿಸಿದ. ಕತ್ತಿನ ನರಗಳು ಉಬ್ಬಿದವು. ಮತ್ತೆ ಗಾಳಿ. ಹಿಂದಿನಿಂದ ಯಾರೋ, “ಭಯ್ಯಾ, ಮೈಕ್ ಖರಾಬ್ ಹೈ!” ಎಂದು ಕೂಗಿದರು. ಕೆಲವರು ನಕ್ಕರು. ಸೌಂಡಿನವನು ಓಡಿ ಬಂದು ಮೈಕಿಗೆ, “ಹಲೋ, ಚೆಕ್, ಚೆಕ್,” ಎಂದ. ಮೈಕ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಪಾರ್ಕ್ ಪೂರ್ತಿ ಕೇಳಿಸಿತು.

ಅಕ್ಕ ಎದ್ದು ನಿಂತಿದ್ದರು.

ಅವನು ತಿರುಗಿ ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಮೆಟ್ಟಿಲು ಇದೆ ಎಂದುಕೊಂಡು ಕಾಲಿಟ್ಟು, ಅಲ್ಲಿ ಮೆಟ್ಟಿಲು ಇಲ್ಲದಿದ್ದರೆ ಹೇಗಿರುತ್ತದೆ ಮುಖ, ಹಾಗಿತ್ತು.

ವೇದಿಕೆಯ ಹಿಂದೆ ಜನರೇಟರ್ ಪಕ್ಕ ನನ್ನ ಅಂಗಿ ಹಿಡಿದ. “ಯಾಕೆ ಒತ್ತಲಿಲ್ಲ?” ತುಟಿಯ ಚಲನೆಯಿಂದ ಅರ್ಥ ಮಾಡಿಕೊಂಡೆ.

“ಇನ್ನು ಒತ್ತುದಿಲ್ಲ ಅಣ್ಣ.”

ಅಕ್ಕ ಬಂದರು. “ಎಂತ ಒತ್ತುದು? ಎಂತ ಮಾಡ್ತಿದ್ದೀರಿ ನೀವು?”

ನಾನು ಕೀಬೋರ್ಡ್ ತಂದು ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟು ಏಳು ಕೀಗಳನ್ನೂ ಒಂದೊಂದಾಗಿ ಒತ್ತಿದೆ. ಅವರು ತಮ್ಮನ ಮುಖ ನೋಡುತ್ತ ಕೇಳಿದರು. ಏಳನೆಯದು ಮುಗಿದ ಮೇಲೆ ಹೆಡ್‌ಫೋನ್ ತೆಗೆದರು.

“ಯಾವಾಗಿಂದ?”

“ಮಾರ್ಚಿಂದ.”

“ನಾನು ಹೋಟೆಲಿಗೆ ಬಂದದ್ದು ಮೇಯಲ್ಲಿ.”

“ಹೌದಕ್ಕ.”

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ತಮ್ಮನ ಕಾಲರ್ ಹಿಡಿದರು, ಅವತ್ತು ಹೇಳಿದ ಹಾಗೇ, ಎಳೆದುಕೊಂಡು ಹೋದರು. ಅವನು ಸುಮ್ಮನೆ ಹೋದ.

ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರಂತೆ. ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸಿದರು. ಕ್ಯಾನ್ಸರ್. ನವೆಂಬರ್‌ನಲ್ಲಿ, ಮತ್ತೆ ಆಕಾಶ ಬೂದಿಯಾದ ಹೊತ್ತಿಗೆ, ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಕತ್ತಿನ ಕೆಳಗೆ ಒಂದು ತೂತು. ಉಸಿರಾಟ ಅದರಿಂದಲೇ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. “ಬೇಸಿಗೆಯ ಮೊದ್ಲೇ ಬಂದಿದ್ರೆ ಬರೀ ರೇಡಿಯೇಷನ್ನಲ್ಲಿ ದನಿ ಉಳಿಸ್ಬಹುದಿತ್ತು ಅಂದ್ರು ಡಾಕ್ಟ್ರು. ಮೇಯಲ್ಲಿ ಬಂದಿದ್ರೆ ಹೇಳ್ಲಿಕ್ಕೆ ಆಗುದಿಲ್ಲ ಅಂದ್ರು. ಬೈಲಿಕ್ಕೆ ಹೇಳಿದ್ದಲ್ಲ. ನಿಂಗೆ ಗೊತ್ತಿರ್ಲಿ ಅಂತ.”

“ಗೊತ್ತಕ್ಕ,” ಎಂದೆ.

ಇದಾಗಿ ಒಂದು ವರ್ಷ ಕಳೆಯಿತು. ಅವನು ಕೆಲಸಕ್ಕೆ ಹೋಗುತ್ತಾನೆ. ಮೂರು ತಿಂಗಳಿಗೊಮ್ಮೆ ಚೆಕಪ್. ಪ್ರತಿ ಚೆಕಪ್ಪಿನ ವಾರ ಅಕ್ಕನ ಫೋನ್ ಬಂದರೆ ಕಾವಲಿಯ ಉರಿ ಆರಿಸಿ ಹೊರಗೆ ಹೋಗಿ ಎತ್ತುತ್ತೇನೆ. ಹೋದ ಸಲ ಕತ್ತಿನ ಎಡಗಡೆ ಏನೋ ಸಣ್ಣದು ಕಾಣಿಸುತ್ತದೆ, ಮುಂದಿನ ಸಲ ನೋಡೋಣ ಎಂದಿದ್ದಾರೆ. ಆ ಮುಂದಿನ ಸಲ ಇನ್ನೂ ಬಂದಿಲ್ಲ.

ಒಂದು ಶನಿವಾರ ಭಜನೆಗೆ ಬಂದ. ಕತ್ತಿಗೆ ಬಟ್ಟೆ ಸುತ್ತಿಕೊಂಡಿದ್ದ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದ. ಹಾಡು ಮೇಲೆ ಹೋದಾಗ ಬಟ್ಟೆಯ ಹಿಂದಿನಿಂದ ಉಸಿರು ಜೋರಾಗಿ ಕೇಳಿಸಿತು. ಅಪ್ಪ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. ಮುಗಿದ ಮೇಲೆ ಅವನು ಫೋನಿನಲ್ಲಿ ಟೈಪ್ ಮಾಡಿ ನನಗೆ ತೋರಿಸಿದ: ಆ ಏಳು ಇನ್ನೂ ಉಂಟಾ?

“ಉಂಟು.”

ಮತ್ತೆ ಟೈಪ್ ಮಾಡಿದ: ಒತ್ತಬೇಡ. ಅಳಿಸಲೂ ಬೇಡ.

ಈಗ ನಾನು ಬೇರೆ ಬ್ಯಾಂಡಿನಲ್ಲಿದ್ದೇನೆ. ಗಿಟಾರಿನವನೇ ಕಟ್ಟಿದ್ದು. ಹೊಸ ಹಾಡುಗಾರನಿಗೆ ಇಪ್ಪತ್ತೆರಡು, ನೋಯ್ಡಾದಲ್ಲೇ ಬೆಳೆದ ಕನ್ನಡದ ಹುಡುಗ. ಎಡತುದಿಯ ಏಳು ಕೀಗಳ ಮೇಲೆ ನಾನು ಕಪ್ಪು ಟೇಪು ಅಂಟಿಸಿದ್ದೇನೆ. ಏನದು ಎಂದು ಕೇಳಿದರೆ ಕೆಟ್ಟಿದೆ ಎನ್ನುತ್ತೇನೆ. ಪರದೆಯ ಪಕ್ಕ ಈಗ ನೀರಿನ ಬಾಟಲಿ ಇಡುವುದಿಲ್ಲ.

ಹೋದ ಭಾನುವಾರ ಪ್ರಾಕ್ಟೀಸು. ಹೊರಗೆ ಮತ್ತೆ ಹೊಗೆ. ನೆಲಮಾಳಿಗೆಗೂ ಆ ಸುಟ್ಟ ವಾಸನೆ ಇಳಿದಿತ್ತು. ಎರಡನೇ ಹಾಡಿಗೆ ಮುಂಚೆ ಹುಡುಗ ಗಂಟಲು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದ. ತೋರುಬೆರಳನ್ನು ನೆಲದ ಕಡೆ ತೋರಿಸಿದ.

“ಎಷ್ಟು ದಿನದಿಂದ?” ಎಂದು ಕೇಳಿದೆ.

“ಅರೇ ಭಯ್ಯಾ, ಪೊಲ್ಯೂಷನ್ ಹೈ. ಒಂದು ಕಮ್ಮಿ ಮಾಡಿ, ಬಸ್.”

“ಎಷ್ಟು ದಿನದಿಂದ ಅಂತ ಕೇಳ್ದೆ.”

ಗಿಟಾರಿನವನು ತಂತಿ ಸಡಿಲಿಸಲು ಹೋದವನು ಕೈ ನಿಲ್ಲಿಸಿದ. ಹುಡುಗ ನಗುತ್ತ ಅವನನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನಗು ಹೋಯಿತು.

“ಐದು ವಾರ ಆಯ್ತು,” ಎಂದ.

ನಾನು ಕೀಬೋರ್ಡಿನ ಸ್ವಿಚ್ ಆರಿಸಿದೆ.